ಅರಸನ ಗದ್ದುಗೆ, ಸಂತರ ಗದ್ದುಗೆ



ಒಂದು ಮಾತನ್ನು ನೀವೂ ಹಲವು ಬಾರಿ ಕೇಳಿರುತ್ತೀರಿ. ಸಂತೆಯಲ್ಲಿ, ಬಸ್ಸಿನಲ್ಲಿ, ಕೆಲವೊಮ್ಮೆ ಪೂಜೆ ಮುಗಿದ ಮೇಲೆ ನಮ್ಮದೇ ದೇವಾಲಯದ ಅಂಗಳದಲ್ಲಿಯೂ ಅದು ಕೇಳಿಬರುತ್ತದೆ: "ಮುಸಲ್ಮಾನರಲ್ಲಿ ಧರ್ಮ ಬೇರೆ, ರಾಜ್ಯ ಬೇರೆ ಎಂಬುದೇ ಇಲ್ಲ ಫಾದರ್. ಅವರಿಗೆ ಮಸೀದಿಯೇ ಸರ್ಕಾರ. ನಮ್ಮಲ್ಲಿ ಹಾಗಲ್ಲ, ಯೇಸುಸ್ವಾಮಿ ಎರಡನ್ನೂ ಬೇರೆ ಮಾಡಿಟ್ಟರು." ಹೀಗೆ ಹೇಳುವವರೆಲ್ಲ ಕೆಟ್ಟ ಮನಸ್ಸಿನವರೆಂದಲ್ಲ. ಎಲ್ಲೋ ಓದಿರುತ್ತಾರೆ, ಈಗ ಮೊಬೈಲಿನಲ್ಲಿ ನೋಡಿರುತ್ತಾರೆ. ಆದರೆ ಅದು ಬರೀ ಮಾತಾಗಿ ಉಳಿಯುವುದಿಲ್ಲ. ಅದನ್ನು ನಂಬಿದವನಿಗೆ ತನ್ನ ಓಣಿಯ ಗ್ಯಾರೇಜಿನ ಸಾಹೇಬರೂ, ಮಗಳ ಜೊತೆ ಶಾಲೆಗೆ ಹೋಗುವ ಹುಡುಗಿಯೂ ಯಾವುದೋ ಸುಲ್ತಾನನ ಸೈನ್ಯದವರಂತೆ ಕಾಣತೊಡಗುತ್ತಾರೆ. ನೆರೆಯವನ ವಿರುದ್ಧ ಸುಳ್ಳು ಸಾಕ್ಷಿ ಹೇಳಬಾರದೆಂಬ ದೇವರ ಆಜ್ಞೆ ಇತಿಹಾಸದ ಮಾತಿಗೂ ಅನ್ವಯಿಸುತ್ತದೆ. ಆದ್ದರಿಂದ ಈ ಮಾತು ಎಷ್ಟು ನಿಜ ಎಂದು ಪರೀಕ್ಷಿಸಿ ನೋಡುವುದು ನಮ್ಮ ಕರ್ತವ್ಯ.

ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ತುಂಗಭದ್ರೆ ಮತ್ತು ಕೃಷ್ಣೆಯ ನಡುವಿನ ನಮ್ಮ ಸೀಮೆ ಬಹಮನಿ, ಆದಿಲ್‌ಶಾಹಿ, ಟಿಪ್ಪು, ನಿಜಾಮ ಎಲ್ಲರನ್ನೂ ಕಂಡಿದೆ, ನಡುನಡುವೆ ವಿಜಯನಗರವನ್ನೂ ಮರಾಠರನ್ನೂ ಕಂಡಿದೆ. ನಮ್ಮ ಭಾಷೆಯಲ್ಲಿ ಒಂದು ವಿಶೇಷವಿದೆ. ಅರಸ ಕೂಡುವ ಆಸನವೂ ಗದ್ದುಗೆ, ಸಂತರು ಐಕ್ಯರಾದ ಸ್ಥಳವೂ ಗದ್ದುಗೆ. ಹೆಸರು ಒಂದೇ ಆದರೂ ಇವೆರಡರ ನಡುವೆ ನಡೆದ ಎಳೆದಾಟ ಇಸ್ಲಾಮಿನ ಚರಿತ್ರೆಯ ತುಂಬ ಕಾಣುತ್ತದೆ. ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿಯೂ ಕಾಣುತ್ತದೆ.

ಮದೀನಾದಿಂದ ಬಾಗ್ದಾದಿಗೆ

ಮೊದಲು ಆ ಮಾತಿನಲ್ಲಿರುವ ಸತ್ಯಾಂಶವನ್ನು ಒಪ್ಪಿಕೊಳ್ಳೋಣ. ಪ್ರವಾದಿ ಮುಹಮ್ಮದರು 622ರಲ್ಲಿ ಮದೀನಾಕ್ಕೆ ಹೋದ ಮೇಲೆ 632ರಲ್ಲಿ ನಿಧನರಾಗುವವರೆಗೆ ಬೋಧಕರೂ ಆಗಿದ್ದರು, ನ್ಯಾಯ ತೀರ್ಮಾನಿಸುವವರೂ ಆಗಿದ್ದರು, ಯುದ್ಧದಲ್ಲಿ ಸೇನೆಯನ್ನು ನಡೆಸುವವರೂ ಆಗಿದ್ದರು. ನಮ್ಮ ಪ್ರಭು ಶಿಲುಬೆಗೇರಿದರು. ಆದಿ ಕ್ರೈಸ್ತರು ಮೂರು ಶತಮಾನ ಅಧಿಕಾರವಿಲ್ಲದೆ, ಹಿಂಸೆ ಅನುಭವಿಸುತ್ತ ಬದುಕಿದರು. ಈ ಆರಂಭಗಳ ವ್ಯತ್ಯಾಸ ಸಣ್ಣದಲ್ಲ, ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ.

ಆದರೆ ಆರಂಭದ ಹತ್ತು ವರ್ಷವನ್ನು ಸಾವಿರದ ನಾಲ್ಕುನೂರು ವರ್ಷದ ಮೇಲೆ ಹೊದಿಸಲಾಗದು. ಪ್ರವಾದಿಯ ನಂತರ ಬಂದ ಖಲೀಫರು ರಾಜ್ಯವನ್ನು ಪಡೆದರೇ ಹೊರತು ಪ್ರವಾದಿತ್ವವನ್ನು ಪಡೆಯಲಿಲ್ಲ. ಹಾಗಾದರೆ ದೇವರ ವಾಕ್ಯದ ಅರ್ಥ ಹೇಳುವ ಹಕ್ಕು ಯಾರದು? ಈ ಪ್ರಶ್ನೆ 833ರಲ್ಲಿ ಬಾಗ್ದಾದಿನಲ್ಲಿ ಬಹಿರಂಗವಾಗಿಯೇ ಎದ್ದಿತು. ಕುರಾನ್ ಸೃಷ್ಟಿಸಲ್ಪಟ್ಟದ್ದು ಎಂಬ ಸಿದ್ಧಾಂತವನ್ನು ಎಲ್ಲ ವಿದ್ವಾಂಸರೂ ಒಪ್ಪಬೇಕೆಂದು ಖಲೀಫ ಅಲ್-ಮಾಮೂನ್ ವಿಚಾರಣೆ ಆರಂಭಿಸಿದ. ಅಹ್ಮದ್ ಇಬ್ನ್ ಹಂಬಲ್ ಎಂಬ ವಿದ್ವಾಂಸರು ಒಪ್ಪಲಿಲ್ಲ. ಸೆರೆಮನೆಗೆ ಹಾಕಿದರು, ಮುಂದಿನ ಖಲೀಫನ ಕಾಲದಲ್ಲಿ ಚಾವಟಿಯಿಂದ ಹೊಡೆಸಿದರು. ಆದರೂ ಅವರು ಜಗ್ಗಲಿಲ್ಲ. ಸುಮಾರು ಹದಿನೈದು ವರ್ಷಗಳ ನಂತರ ಆ ವಿಚಾರಣೆಯನ್ನೇ ನಿಲ್ಲಿಸಬೇಕಾಯಿತು. ಅಂದಿನಿಂದ ಸುನ್ನಿ ಮುಸಲ್ಮಾನರಲ್ಲಿ ಧರ್ಮಸಿದ್ಧಾಂತವನ್ನು ನಿರ್ಣಯಿಸುವ ಮಾತು ಅರಮನೆಯ ಕೈತಪ್ಪಿ ಉಲೇಮಾಗಳ, ಎಂದರೆ ಶಾಸ್ತ್ರಜ್ಞರ, ಕೈ ಸೇರಿತು. ಮುಂದೆ 945ರಲ್ಲಿ ಬೂಯಿದರು, 1055ರಲ್ಲಿ ಸೆಲ್ಜುಕ್ ತುರ್ಕರು ಬಾಗ್ದಾದಿಗೆ ಬಂದ ಮೇಲೆ ಖಲೀಫನ ಬಳಿ ಹೆಸರು ಮಾತ್ರ ಉಳಿಯಿತು. ಕತ್ತಿ ಸುಲ್ತಾನನ ಕೈಯಲ್ಲಿತ್ತು.

ಹೀಗಾದಾಗ ಸುಲ್ತಾನನಿಗೆ ಒಂದು ಕೊರತೆ ಕಾಡುತ್ತದೆ. ಕತ್ತಿಯಿಂದ ಊರನ್ನು ಗೆಲ್ಲಬಹುದು, ಆದರೆ "ಇವನು ನಮ್ಮ ನ್ಯಾಯವಾದ ಅರಸ" ಎಂದು ಜನರ ಬಾಯಲ್ಲಿ ಹೇಳಿಸುವುದು ಕಷ್ಟ. ಅದಕ್ಕೆ ಎರಡು ಗುರುತುಗಳಿದ್ದವು: ನಾಣ್ಯದ ಮೇಲೆ ಅವನ ಹೆಸರು, ಶುಕ್ರವಾರದ ನಮಾಜಿನ ಖುತ್ಬಾದಲ್ಲಿ, ಅಂದರೆ ಪ್ರವಚನದಲ್ಲಿ, ಅವನ ಹೆಸರು. ನಾಣ್ಯವನ್ನು ಟಂಕಸಾಲೆಯಲ್ಲಿ ಹೊಡೆಯಬಹುದು. ಆದರೆ ಜನ ಕಾಲಿಗೆರಗುವ ಸಂತರ ಹರಕೆ ಹಾಗೆ ಸಿಗುವ ವಸ್ತುವಲ್ಲ. ಅದನ್ನು ಅರಸ ಬೇಡಿ ಪಡೆಯಬೇಕಿತ್ತು.

ಕಲಬುರಗಿಯಲ್ಲಿ ನಡೆದದ್ದು

ಬಹಮನಿ ರಾಜ್ಯ 1347ರಲ್ಲಿ ದೆಹಲಿಯಿಂದ ಸಿಡಿದು ಬೇರೆಯಾಯಿತು. ದಂಗೆಯಿಂದ ಹುಟ್ಟಿದ ರಾಜ್ಯವಾದ್ದರಿಂದ ಅದಕ್ಕೆ ಸಂತರ ಹರಕೆಯ ಅಗತ್ಯ ಹೆಚ್ಚಾಗಿಯೇ ಇತ್ತು. ಎರಡನೆಯ ಸುಲ್ತಾನ ಮೊದಲನೇ ಮುಹಮ್ಮದ್ 1358ರಿಂದ 1375ರವರೆಗೆ ಆಳಿದ. ಅವನ ಕಾಲದ ಒಂದು ಪ್ರಸಂಗವನ್ನು ಮುಂದೆ ಬಿಜಾಪುರದಲ್ಲಿ ಕುಳಿತು ಚರಿತ್ರೆ ಬರೆದ ಫೆರಿಷ್ಟಾ ದಾಖಲಿಸಿದ್ದಾನೆ. ರಾಜ್ಯದ ಶೇಖರೆಲ್ಲ ಸುಲ್ತಾನನಿಗೆ ನಿಷ್ಠೆಯ ಮಾತು ಕೊಟ್ಟರು. ದೌಲತಾಬಾದಿನ ಶೇಖ್ ಜೈನುದ್ದೀನ್ ಮಾತ್ರ ಕೊಡಲಿಲ್ಲ, ಏಕೆಂದರೆ ಸುಲ್ತಾನ ಮದ್ಯ ಕುಡಿಯುತ್ತಿದ್ದ. ಶೇಖರು ಊರು ಬಿಡಬೇಕೆಂದು ಆಜ್ಞೆಯಾಯಿತು. ಅವರು ತಮ್ಮ ಗುರು ಬುರ್ಹಾನುದ್ದೀನ್ ಗರೀಬರ ಗೋರಿಯ ಬಳಿ ಚಾಪೆ ಹಾಸಿ ಕುಳಿತುಬಿಟ್ಟರು. ಎಬ್ಬಿಸುವ ಧೈರ್ಯವಿದ್ದವನು ಬಂದು ಎಬ್ಬಿಸಲಿ ಎಂಬ ಭಾವ. ಕೊನೆಗೆ ಸೋತದ್ದು ಸುಲ್ತಾನನೇ. ರಾಜ್ಯದಲ್ಲಿ ಮದ್ಯದ ಅಂಗಡಿಗಳನ್ನು ಮುಚ್ಚಿಸಿದ, ಆ ಮೇಲೆ ಇಬ್ಬರಲ್ಲೂ ರಾಜಿಯಾಯಿತು. ದಾವೀದನ ಎದುರು ನಿಂತು ಅವನ ಪಾಪವನ್ನು ಎತ್ತಿ ಹೇಳಿದ ನಾತಾನನ ಕಥೆ ನಿಮಗೆ ನೆನಪಾಗುವುದಿಲ್ಲವೇ?

ಇನ್ನೊಂದು ಪ್ರಸಂಗ ನಮಗೆ ಇನ್ನೂ ಹತ್ತಿರದ್ದು. ಕಲಬುರಗಿಯ ಖ್ವಾಜಾ ಬಂದೇ ನವಾಜ್ ದರ್ಗಾವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ, ಕೆಲವರು ಹರಕೆ ಹೊತ್ತು ಹೋದದ್ದೂ ಉಂಟು. ಗೇಸುದರಾಜ್ ಎಂದು ಕರೆಯಲ್ಪಟ್ಟ ಸೈಯದ್ ಮುಹಮ್ಮದ್ ಹುಸೇನಿ ಅವರು 1321ರಲ್ಲಿ ದೆಹಲಿಯಲ್ಲಿ ಹುಟ್ಟಿದವರು. ತೈಮೂರನ ದಾಳಿಯ ಸಮಯದಲ್ಲಿ, 1398ರಲ್ಲಿ, ದೆಹಲಿ ಬಿಟ್ಟು 1400ರ ಸುಮಾರಿಗೆ ಕಲಬುರಗಿಗೆ ಬಂದರು. ಆಗ ಅವರಿಗೆ ಹತ್ತಿರಹತ್ತಿರ ಎಂಬತ್ತು ವರ್ಷ. ಆಳುತ್ತಿದ್ದವನು ಫಿರೋಜ್ ಷಾ. ಅನೇಕ ಭಾಷೆ ಬಲ್ಲವನು, ಖಗೋಳಶಾಸ್ತ್ರದಲ್ಲಿ ಆಸಕ್ತಿಯುಳ್ಳವನು. ಸಂತರನ್ನು ಮರ್ಯಾದೆಯಿಂದಲೇ ಬರಮಾಡಿಕೊಂಡ. ಆದರೆ ತರ್ಕ, ಗಣಿತಗಳನ್ನು ಮೆಚ್ಚುವ ಅರಸನಿಗೆ ಸಂತರ ವಿದ್ಯೆ ಅಷ್ಟು ಹಿಡಿಸಲಿಲ್ಲ. ಅರಸನ ತಮ್ಮ ಅಹ್ಮದ್ ಮಾತ್ರ ಅವರ ಭಕ್ತನಾದ, ಆಶ್ರಮ ಕಟ್ಟಿಸಿಕೊಟ್ಟ.

ಫಿರೋಜ್ ತನ್ನ ಮಗ ಹಸನನನ್ನು ಉತ್ತರಾಧಿಕಾರಿಯೆಂದು ಸಾರಿ, ಸಂತರ ಹರಕೆ ಕೇಳಿ ಕಳುಹಿಸಿದ. ಸಿಂಹಾಸನ ದೈವಸಂಕಲ್ಪದಂತೆ ಅಹ್ಮದನಿಗೆ ಸಲ್ಲತಕ್ಕದ್ದು ಎಂಬ ಉತ್ತರ ಬಂತು. ಸುಲ್ತಾನ ಸಿಟ್ಟಾದ. ಆಶ್ರಮ ಕೋಟೆಗೆ ತೀರ ಹತ್ತಿರವಿದೆ, ಜನಜಂಗುಳಿ ಸೇರುತ್ತದೆ ಎಂಬ ನೆಪ ಹೇಳಿ ಅವರನ್ನು ದೂರ ಕಳುಹಿಸಿದ. ದರ್ಗಾ ಇಂದು ಕೋಟೆಯಿಂದ ದೂರದಲ್ಲಿರುವುದರ ಹಿಂದೆ ಈ ಕಥೆಯಿದೆ. ಕೆಲವು ವರ್ಷಗಳ ನಂತರ ಫಿರೋಜ್ ಪಾನಗಲ್ಲಿನಲ್ಲಿ ವಿಜಯನಗರದವರಿಗೆ ಸೋತು, ದೇಹವೂ ಮನಸ್ಸೂ ಕುಗ್ಗಿ, 1422ರಲ್ಲಿ ತಮ್ಮನಿಗೆ ಗದ್ದುಗೆ ಬಿಟ್ಟುಕೊಟ್ಟ. ಸಂತರು ಅದೇ ವರ್ಷ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಇಲ್ಲಿಯವರೆಗೆ ಸಂತರದೇ ಗೆಲುವು ಎನ್ನಬಹುದು. ಮುಂದಿನದನ್ನೂ ನೋಡಬೇಕು, ನನಗಂತೂ ಈ ಕಥೆಯ ಮುಖ್ಯ ಭಾಗವೇ ಅದು. ಅರಸನಾದ ಅಹ್ಮದ್ ಷಾ ಸಂತರ ಮನೆತನಕ್ಕೆ ಊರುಗಳನ್ನು ದತ್ತಿ ಕೊಟ್ಟ, ಗೋರಿಯ ಸ್ಥಳಕ್ಕೆ ವೈಭವ ಬಂತು. ಕೆಲವೇ ವರ್ಷಗಳಲ್ಲಿ ಅವನು ರಾಜಧಾನಿಯನ್ನು ಬೀದರಕ್ಕೆ ಸಾಗಿಸಿದ. ಅಲ್ಲಿಗೆ ಹೊಸ ಸಂತರು ಬೇಕಾದರು. ಇರಾನಿನ ಕಿರ್ಮಾನಿನಲ್ಲಿದ್ದ ಷಾ ನಿಯಾಮತುಲ್ಲಾ ಎಂಬ ಪ್ರಸಿದ್ಧ ಸೂಫಿಯನ್ನು ಕರೆಸಲು ಯತ್ನಿಸಿದ. ಅವರು ಬರದೆ ಮೊಮ್ಮಗ ನೂರುಲ್ಲಾನನ್ನು ಕಳುಹಿಸಿದರು. ಆ ಮೊಮ್ಮಗನಿಗೆ ಅಹ್ಮದ್ ಎಲ್ಲ ಶೇಖರಲ್ಲಿ ಹಿರಿಯ ಎಂಬ ಸ್ಥಾನ ಕೊಟ್ಟ. ತನಗೆ ಸಿಂಹಾಸನದ ಹರಕೆ ಕೊಟ್ಟ ಗೇಸುದರಾಜರ ಮಕ್ಕಳು ಮೊಮ್ಮಕ್ಕಳು ಅವನ ಹಿಂದೆ ನಿಲ್ಲಬೇಕಾಯಿತು. ಊರುಗಳ ಉತ್ಪನ್ನ ತಿನ್ನುತ್ತಿದ್ದ ಮನೆತನ ಆಗ ಏನು ಹೇಳೀತು? ಚಾಪೆ ಹಾಸಿ ಕುಳಿತ ಜೈನುದ್ದೀನರ ಬಳಿ ಕಳೆದುಕೊಳ್ಳಲು ಏನೂ ಇರಲಿಲ್ಲ. ಇವರ ಬಳಿ ಇತ್ತು.

ಪ್ರವಾದಿ ಆಮೋಸನ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಇದೇ ಬಗೆಯ ಪ್ರಸಂಗವಿದೆ. ಬೇತೇಲಿನ ಯಾಜಕ ಅಮಚ್ಯ ಆಮೋಸನನ್ನು ಓಡಿಸುವಾಗ ಹೇಳುವ ಕಾರಣವನ್ನು ಗಮನಿಸಿರಿ. ಅದು ದೇವರ ಮಂದಿರವೆಂದು ಅವನು ಹೇಳುವುದಿಲ್ಲ, ಅರಸನ ಮಂದಿರವೆಂದು ಹೇಳುತ್ತಾನೆ. ಗೋವಳನಾದ ಆಮೋಸ ತನ್ನ ಅನ್ನ ಅಲ್ಲಿಂದ ಬರುವುದಿಲ್ಲವಾದ್ದರಿಂದ ನಿರ್ಭಯವಾಗಿ ಉತ್ತರಿಸುತ್ತಾನೆ.

ಬೀದರದ ಕಥೆಗೆ ಇನ್ನೊಂದು ತಿರುವೂ ಇದೆ. ಬರಗಾಲದಲ್ಲಿ ಅಹ್ಮದ್ ಷಾ ಸ್ವತಃ ಗುಡ್ಡವೇರಿ ಪ್ರಾರ್ಥಿಸಿದಾಗ ಮಳೆ ಬಂತಂತೆ. ಜನ ಅರಸನನ್ನೇ 'ವಲಿ', ಎಂದರೆ ಸಂತ, ಎಂದರು. ಬೀದರದ ಬಳಿಯ ಅಷ್ಟೂರಿನಲ್ಲಿರುವ ಅವನ ಗೋರಿಗೆ ಇಂದಿಗೂ ಉರುಸು ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬಂದು ಅದನ್ನು ನಡೆಸಿಕೊಡುತ್ತಾರೆ, ಲಿಂಗಾಯತ ಭಕ್ತರು ಅವನನ್ನು ಅಲ್ಲಮಪ್ರಭುವೆಂದೇ ಕೊಂಡಾಡುತ್ತಾರೆ. ಅರಸನ ಗದ್ದುಗೆ ಹೋಗಿ ಸಂತರ ಗದ್ದುಗೆಯೇ ಉಳಿಯಿತು ನೋಡಿ! ಇಂಥದ್ದನ್ನು ಪುಸ್ತಕದ ಯಾವ ಸೂತ್ರಕ್ಕೂ ಹೊಂದಿಸಲಾಗದು.

ಒಂದೇ ವರ್ಷ, ಎರಡು ದೇಶ

ಬಹಮನಿ ರಾಜ್ಯ ಒಡೆದ ಮೇಲೆ ನಮ್ಮ ಸೀಮೆಯ ಬಹುಭಾಗ ಬಿಜಾಪುರದ ಆದಿಲ್‌ಶಾಹಿಗಳಿಗೂ ವಿಜಯನಗರಕ್ಕೂ ನಡುವೆ ಜಗ್ಗಾಟಕ್ಕೆ ಸಿಕ್ಕಿತು. ಬಿಜಾಪುರದ ಅರಮನೆಯಲ್ಲಿ ಸುನ್ನಿ ಹಾಗೂ ಷಿಯಾ ಪಂಥಗಳ ನಡುವೆ ಓಲಾಟ ನಡೆಯುತ್ತಿತ್ತು. ಮೊದಲನೇ ಇಬ್ರಾಹಿಂ 1534ರಲ್ಲಿ ಪಟ್ಟಕ್ಕೆ ಬಂದು ರಾಜ್ಯವನ್ನು ಸುನ್ನಿ ಎಂದು ಸಾರಿದ. ಮೊದಲನೇ ಅಲಿ 1558ರಲ್ಲಿ ಬಂದು ಷಿಯಾ ಎಂದು ಸಾರಿದ. ಎರಡನೇ ಇಬ್ರಾಹಿಂನ ಕಾಲದಲ್ಲಿ ಮತ್ತೆ ಸುನ್ನಿ.

ಇದೇ ಎರಡು ವರ್ಷಗಳನ್ನು ಇಂಗ್ಲೆಂಡಿನ ಚರಿತ್ರೆಯಲ್ಲಿ ಹುಡುಕಿ ನೋಡಿ. ಎಂಟನೇ ಹೆನ್ರಿ ಜಗದ್ಗುರುಗಳ ಅಧಿಕಾರವನ್ನು ತಳ್ಳಿಹಾಕಿ ತಾನೇ ಇಂಗ್ಲೆಂಡಿನ ಧರ್ಮಸಭೆಗೆ ಶಿರಸ್ಸು ಎಂದು ಕಾಯಿದೆ ಮಾಡಿಸಿದ್ದು 1534ರಲ್ಲಿ. ನಡುವೆ ರಾಣಿ ಮೇರಿ ರಾಜ್ಯವನ್ನು ಕಥೋಲಿಕ ಧರ್ಮಕ್ಕೆ ತಿರುಗಿಸಿದಳು. 1558ರಲ್ಲಿ ಎಲಿಜಬೆತ್ ಪಟ್ಟಕ್ಕೆ ಬಂದಳು, ಮತ್ತೆ ಎಲ್ಲ ತಿರುಗಿತು. ಜರ್ಮನಿಯಲ್ಲಂತೂ 1555ರ ಆಗ್ಸ್‌ಬರ್ಗ್ ಒಪ್ಪಂದದಲ್ಲಿ ಅರಸನ ಧರ್ಮವೇ ನಾಡಿನ ಧರ್ಮವೆಂದು ಕ್ರೈಸ್ತ ದೊರೆಗಳೇ ಕುಳಿತು ನಿಶ್ಚಯಿಸಿಕೊಂಡರು. ಎಲ್ಲಿಯ ಬಿಜಾಪುರ, ಎಲ್ಲಿಯ ಲಂಡನ್!

ಬಿಜಾಪುರದ ಈ ಬದಲಾವಣೆಗಳಿಗೆ ಕಾರಣ ಧರ್ಮಶ್ರದ್ಧೆಯೊಂದೇ ಆಗಿರಲಿಲ್ಲ. ಅಲ್ಲಿ ಸೇನೆಯಲ್ಲಿಯೂ ಕಚೇರಿಯಲ್ಲಿಯೂ ಎರಡು ಪಕ್ಷಗಳಿದ್ದವು: ಇರಾನಿನಿಂದ ಬಂದ, ಹೆಚ್ಚಾಗಿ ಷಿಯಾ ಪಂಥದ ಹೊಸಬರು, ಇಲ್ಲಿಯೇ ನೆಲೆಸಿದ, ಹೆಚ್ಚಾಗಿ ಸುನ್ನಿ ಪಂಥದ ದಖ್ಖನಿಗರು. ಮೊದಲನೇ ಇಬ್ರಾಹಿಂ ಪಂಥ ಬದಲಿಸಿದಾಗಲೇ ಹೊಸಬರನ್ನು ಕೆಲಸದಿಂದ ತೆಗೆದು ದಖ್ಖನಿಗರನ್ನು ಸೇರಿಸಿಕೊಂಡ. ಪಂಥದ ಹೆಸರಿನ ಹಿಂದೆ ಸಂಬಳದ ಪಟ್ಟಿಯೂ ಇತ್ತು ಎನ್ನೋಣ.

ಇಲ್ಲೊಂದು ಸಣ್ಣ ಮಾತು. ಸಂಗೀತಪ್ರಿಯನಾದ ಎರಡನೇ ಇಬ್ರಾಹಿಂನನ್ನು ಜನ 'ಜಗದ್ಗುರು ಬಾದಶಾಹ' ಎಂದು ಕರೆದರು. ನಾವು ಕನ್ನಡ ಕಥೋಲಿಕರು ರೋಮಿನ ಪೋಪ್ ಅವರನ್ನು ಜಗದ್ಗುರು ಎನ್ನುತ್ತೇವೆ. ನಮ್ಮ ಸುತ್ತಲಿನ ಮಠಗಳಲ್ಲಿಯೂ ಜಗದ್ಗುರುಗಳಿದ್ದಾರೆ. ಒಂದೇ ಬಿರುದು ಅರಸನಿಗೂ ಮಠಾಧಿಪತಿಗೂ ಪೋಪರಿಗೂ ಸಲ್ಲುವ ನಾಡು ನಮ್ಮದು. ಮುದಗಲ್ಲಿನ ನಮ್ಮ ಹಳೆಯ ಕಥೋಲಿಕ ಕುಟುಂಬಗಳ ವಿಶ್ವಾಸ ಬೇರೂರಿದ್ದೂ ಈ ಆದಿಲ್‌ಶಾಹಿಗಳ ಕಾಲದಲ್ಲಿಯೇ ಎಂಬುದನ್ನು ಮರೆಯಬಾರದು.

"ಇದೆಲ್ಲ ಸರಿ ಫಾದರ್, ಟಿಪ್ಪುವಿನ ವಿಷಯ?" ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. 1784ರಲ್ಲಿ ಕೆನರಾದ ಕಥೋಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು, ದೇವಾಲಯಗಳನ್ನು ಕೆಡವಿದ್ದು, ಅನೇಕರನ್ನು ಬಲವಂತದಿಂದ ಮತಾಂತರಿಸಿದ್ದು, 1799ರವರೆಗೆ ಸೆರೆ ಮುಂದುವರಿದದ್ದು ಸತ್ಯ. ಮಂಗಳೂರು ಮೂಲದ ಮನೆಗಳಲ್ಲಿ ಆ ನೆನಪು ಇಂದಿಗೂ ಹಸಿಯಾಗಿದೆ, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯ ಅದಕ್ಕೆ ಮುಖ್ಯ ಕಾರಣವಾಗಿತ್ತು. ಸಂಶಯಕ್ಕೆ ಇಡೀ ಸಮುದಾಯವನ್ನು ಶಿಕ್ಷಿಸಿದ್ದು ಘೋರ ಅನ್ಯಾಯ. ಅದೇ ಟಿಪ್ಪು 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಮಠಕ್ಕೆ ನೆರವು ಕಳುಹಿಸಿದ. ಇಲ್ಲಿ ಕೆಲಸ ಮಾಡಿದ್ದು ಧರ್ಮವೋ, ಯುದ್ಧದ ಲೆಕ್ಕಾಚಾರವೋ? ಎರಡೂ ಬೆರೆತಿದ್ದವು, ಮತ್ತು ಅಪಾಯವಿದ್ದದ್ದೇ ಆ ಬೆರಕೆಯಲ್ಲಿ ಎಂದು ನನ್ನ ಅಭಿಪ್ರಾಯ. ಇದೇ ಟಿಪ್ಪು 1786ರಲ್ಲಿ ನಮ್ಮ ಕೊಪ್ಪಳದ ಕೋಟೆಯನ್ನು ಪಡೆದು ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಭದ್ರಪಡಿಸಿದ. ಅದೇ ಕಾಲದಲ್ಲಿ ಇಸ್ತಾಂಬುಲಿನ ಖಲೀಫನ ಮನ್ನಣೆ ಬೇಡಿ ರಾಯಭಾರಿಗಳನ್ನೂ ಕಳುಹಿಸಿದ. ಮುಂದೆ 1798ರಲ್ಲಿ ಆ ಇಸ್ತಾಂಬುಲಿನ ಸುಲ್ತಾನನೇ ಬ್ರಿಟಿಷರ ಮೂಲಕ ಪತ್ರ ಬರೆದು, ಫ್ರೆಂಚರ ಸಖ್ಯ ಬಿಡು ಎಂದು ಬುದ್ಧಿ ಹೇಳಿದಾಗ ಟಿಪ್ಪು ವಿನಯದಿಂದ ಉತ್ತರಿಸಿ ತನ್ನ ದಾರಿಯಲ್ಲಿಯೇ ನಡೆದ. ಖಲೀಫನ ಮುದ್ರೆ ಬೇಕಿತ್ತು, ಅವನ ಮಾತು ಬೇಡವಾಗಿತ್ತು.

ಅಳವಂಡಿಯ ನೆರೆಯಲ್ಲಿ

ಈಗ ನಮ್ಮ ಅಜ್ಜ ಮುತ್ತಜ್ಜಂದಿರ ಕಾಲಕ್ಕೆ ಬರೋಣ. ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಿಯಾಗಿತ್ತು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1911ರಲ್ಲಿ ಪಟ್ಟಕ್ಕೆ ಬಂದರು. ತುರ್ಕಿ ದೇಶ 1924ರಲ್ಲಿ ಖಲೀಫ ಪದವಿಯನ್ನೇ ರದ್ದು ಮಾಡಿ ಕೊನೆಯ ಖಲೀಫನನ್ನು ಗಡಿಪಾರು ಮಾಡಿದಾಗ, ಅವನಿಗೆ ಮಾಸಾಶನ ಕೊಟ್ಟವರು ಈ ನಿಜಾಮರು. 1931ರಲ್ಲಿ ತಮ್ಮ ಹಿರಿಯ ಮಗನಿಗೆ ಆ ಖಲೀಫನ ಮಗಳನ್ನೇ ತಂದುಕೊಂಡರು. ಅಳವಂಡಿಯ ಹೊಲದಲ್ಲಿ ರಂಟೆ ಹೊಡೆಯುತ್ತಿದ್ದ ರೈತನ ದೊರೆ, ಖಲೀಫನ ಬೀಗನಾಗಿದ್ದ!

ಇಷ್ಟಾದರೂ ಸಂಸ್ಥಾನದ ಆಡಳಿತ ಶಾಸ್ತ್ರಜ್ಞರ ಕೈಯಲ್ಲಿ ಇರಲಿಲ್ಲ. ಮಹಾರಾಜಾ ಕಿಶನ್ ಪ್ರಸಾದ್ ಎಂಬ ಹಿಂದೂ ಗೃಹಸ್ಥರು ಎರಡು ಬಾರಿ ಪ್ರಧಾನಿಯಾಗಿದ್ದರು. ಧರ್ಮದ ವ್ಯವಹಾರಗಳಿಗೆಂದೇ 'ಉಮೂರ್-ಎ-ಮಜಹಬಿ' ಎಂಬ ಸರ್ಕಾರಿ ಇಲಾಖೆಯಿತ್ತು. ಮಸೀದಿ, ಗುಡಿಗಳ ದತ್ತಿ ನೋಡಿಕೊಳ್ಳುವುದೂ, ಹೊಸ ಗುಡಿ ಕಟ್ಟಲು ಅನುಮತಿ ಕೊಡುವುದೂ ಕೊಡದಿರುವುದೂ ಅದರ ಕೆಲಸ. ಇಂಥ ನಿರ್ಬಂಧಗಳ ವಿರುದ್ಧವೇ 1938-39ರಲ್ಲಿ ಆರ್ಯಸಮಾಜದವರು ಸತ್ಯಾಗ್ರಹ ಮಾಡಿದರು. ಇಲ್ಲಿ ಧರ್ಮ ಸರ್ಕಾರವನ್ನು ಆಳಲಿಲ್ಲ. ಸರ್ಕಾರವೇ ಎಲ್ಲ ಧರ್ಮಗಳನ್ನೂ ಕಡತದಲ್ಲಿ ಕಟ್ಟಿಟ್ಟುಕೊಂಡಿತ್ತು.

1947ರಲ್ಲಿ ದೇಶ ಸ್ವತಂತ್ರವಾದಾಗ ನಿಜಾಮರು ಭಾರತಕ್ಕೆ ಸೇರಲಿಲ್ಲ. ಪ್ರಜೆಗಳಲ್ಲಿ ಬಹುಪಾಲು ಹಿಂದೂಗಳು. ಇತ್ತೆಹಾದ್ ಪಕ್ಷದ ರಜಾಕಾರರು ಹಳ್ಳಿಹಳ್ಳಿಗಳಲ್ಲಿ ಹಾವಳಿ ಎಬ್ಬಿಸಿದರು. ಧರ್ಮದ ಹೆಸರಿನಲ್ಲಿ ಜನರನ್ನು ಕೆರಳಿಸಿದ ಅವರ ನಾಯಕ ಕಾಸಿಂ ರಜ್ವಿ ಮೌಲವಿಯೇನೂ ಅಲ್ಲ, ಲಾತೂರಿನ ವಕೀಲ. ಗಡಿಯಾಚೆ ಮುಂಬಯಿ ಪ್ರಾಂತ್ಯದ ಮುಂಡರಗಿಯಲ್ಲಿ ನಮ್ಮ ಕಡೆಯ ಹೋರಾಟಗಾರರ ಶಿಬಿರ ನಡೆಯಿತು. ಅದನ್ನು ನಡೆಸಿದವರು ಅಳವಂಡಿಯ ಶಿವಮೂರ್ತಿ ಸ್ವಾಮಿಗಳು. ಮುಂದೆ 1952ರಲ್ಲಿ ಕುಷ್ಟಗಿಯಿಂದ, 1962ರಲ್ಲಿ ಕೊಪ್ಪಳದಿಂದ ಲೋಕಸಭೆಗೆ ಆರಿಸಿ ಬಂದವರೂ ಅವರೇ.

ಇದರ ಜೊತೆಗೇ ಇನ್ನೊಬ್ಬರ ಹೆಸರನ್ನೂ ಮಕ್ಕಳಿಗೆ ಕಲಿಸಬೇಕು. ಹೈದರಾಬಾದಿನ ಉರ್ದು ಪತ್ರಿಕೆ 'ಇಮ್ರೋಜ್'ನ ಸಂಪಾದಕ ಶೋಯೆಬುಲ್ಲಾ ಖಾನ್, ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದರು. 1948ರ ಆಗಸ್ಟಿನ ಒಂದು ರಾತ್ರಿ ಅವರನ್ನು ಬೀದಿಯಲ್ಲಿ ಕೊಂದರು, ಬರೆಯುವ ಕೈಯನ್ನೂ ಕತ್ತರಿಸಿದರು. ಮುಸಲ್ಮಾನರಿಗೆ ಮಸೀದಿಯೇ ಸರ್ಕಾರ ಎನ್ನುವವರು ಈ ಮುಸಲ್ಮಾನನನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತಾರೆ?

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು, 17ರಂದು ನಿಜಾಮರು ಶರಣಾದರು. ಕಲ್ಯಾಣ ಕರ್ನಾಟಕದಲ್ಲಿ ಆ ದಿನವನ್ನು ನಾವು ಧ್ವಜವೇರಿಸಿ ಆಚರಿಸುತ್ತೇವೆ, ಅದು ಸರಿಯೇ. ಆದರೆ ಅದರ ನಂತರದ ವಾರಗಳಲ್ಲಿ ನಡೆದದ್ದನ್ನು ನಾವು ಹೇಳುವುದಿಲ್ಲ. ರಜಾಕಾರರ ಪಾಪಕ್ಕೆ ಪ್ರತೀಕಾರವೆಂದು ರಜಾಕಾರರಲ್ಲದ ಸಾವಿರಾರು ಮುಸಲ್ಮಾನರನ್ನು ಹಳ್ಳಿಗಳಲ್ಲಿ ಕೊಲ್ಲಲಾಯಿತು. ಪ್ರಧಾನಿ ನೆಹರೂ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ, ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅಂದಾಜು ಮಾಡಿತು. ಉಸ್ಮಾನಾಬಾದ್, ನಾಂದೇಡಗಳ ಜೊತೆಗೆ ನಮ್ಮ ಕಲಬುರಗಿ, ಬೀದರಗಳೂ ಅತಿ ಹೆಚ್ಚು ನೊಂದ ಜಿಲ್ಲೆಗಳಾಗಿದ್ದವು. ಆ ವರದಿ ಸಾರ್ವಜನಿಕರಿಗೆ ಸಿಕ್ಕಿದ್ದು 2013ರಲ್ಲಿ. ಒಬ್ಬ ವಕೀಲ ಧರ್ಮವನ್ನೂ ಗದ್ದುಗೆಯನ್ನೂ ಹೊಸೆದು ಹಗ್ಗ ಮಾಡಿದ. ಆ ಹಗ್ಗಕ್ಕೆ ಕೊರಳು ಕೊಟ್ಟವರು ನೇಕಾರರು, ಕೂಲಿಯವರು, ವಿಧವೆಯರು. ಶ್ರೀರಂಗಪಟ್ಟಣದಲ್ಲಿ ನಮ್ಮವರಿಗಾದದ್ದೂ ಇದೇ ಅಲ್ಲವೇ? ಒಬ್ಬರ ಮೇಲಿನ ಸಂಶಯಕ್ಕೆ ಎಲ್ಲರಿಗೂ ಶಿಕ್ಷೆ.

ನಮ್ಮ ಮನೆಯ ಲೆಕ್ಕ

ಯೇಸುಸ್ವಾಮಿ ಎರಡನ್ನೂ ಬೇರೆ ಮಾಡಿಟ್ಟರೆಂಬ ಮಾತಿಗೆ ಈಗ ಬರೋಣ. ತೆರಿಗೆಯ ನಾಣ್ಯವನ್ನು ಕೈಗೆತ್ತಿಕೊಂಡು ಪ್ರಭು ಕೊಟ್ಟ ಉತ್ತರ ನಿಮಗೆಲ್ಲ ಗೊತ್ತು (ಮತ್ತಾಯ 22:15-22). ಜನ ತಮ್ಮನ್ನು ಬಲವಂತವಾಗಿ ಅರಸನನ್ನಾಗಿ ಮಾಡಲು ಬರುತ್ತಿದ್ದಾರೆಂದು ತಿಳಿದಾಗ ಅವರು ಒಬ್ಬರೇ ಬೆಟ್ಟಕ್ಕೆ ಹೊರಟುಹೋದದ್ದೂ ಗೊತ್ತು (ಯೊವಾನ್ನ 6:15). ಆ ಬೋಧನೆಯನ್ನು ನಾವು ಪಾಲಿಸಿದ್ದು ಎಷ್ಟು?

ಕೆಲವರು ಪಾಲಿಸಿದರು. ತೆಸಲೋನಿಕದಲ್ಲಿ ಜನರ ಕೊಲೆ ಮಾಡಿಸಿದ ಚಕ್ರವರ್ತಿ ತೆಯೊದೋಸಿಯಸನಿಗೆ 390ರಲ್ಲಿ ಸಂತ ಆಂಬ್ರೋಸರು ಬಹಿರಂಗ ಪ್ರಾಯಶ್ಚಿತ್ತ ವಿಧಿಸಿದರು. 494ರಲ್ಲಿ ಜಗದ್ಗುರು ಜೆಲಾಸಿಯುಸ್, ಲೋಕವನ್ನು ನಡೆಸುವ ಅಧಿಕಾರಗಳು ಎರಡು, ಅವು ಒಂದೇ ಕೈಯಲ್ಲಿ ಸೇರತಕ್ಕವಲ್ಲ ಎಂಬರ್ಥದಲ್ಲಿ ಚಕ್ರವರ್ತಿಗೆ ಪತ್ರ ಬರೆದರು. ಆದರೆ ಅದೇ ರೋಮಿನ ಜಗದ್ಗುರುಗಳು ಮುಂದೆ ಸಾವಿರಕ್ಕೂ ಹೆಚ್ಚು ವರ್ಷ ಇಟಲಿಯ ನಡುವೆ ಅರಸರಂತೆ ರಾಜ್ಯವಾಳಿದರು, 1870ರಲ್ಲಿ ಅದು ಕೈತಪ್ಪುವವರೆಗೂ. ನಮ್ಮ ನೆರೆಯ ಗೋವೆಯಲ್ಲಿ ಧರ್ಮಾಧ್ಯಕ್ಷರ ಹೆಸರನ್ನು ಸೂಚಿಸುವ ಹಕ್ಕು ಪೋರ್ಚುಗಲ್ಲಿನ ಅರಸನದಾಗಿತ್ತು. 1560ರಲ್ಲಿ ಅಲ್ಲಿ ಆರಂಭವಾದ ಇನ್‌ಕ್ವಿಸಿಷನ್ ನ್ಯಾಯಾಲಯ ಪೂರ್ತಿಯಾಗಿ ಮುಚ್ಚಿದ್ದು 1812ರಲ್ಲಿ. ಬಿಜಾಪುರದ ಸುಲ್ತಾನ ಅಂದು ಗಡಿಯಾಚೆ ನೋಡಿ, "ಈ ಕ್ರೈಸ್ತರಲ್ಲಿ ಧರ್ಮ ಬೇರೆ, ರಾಜ್ಯ ಬೇರೆ ಎಂಬುದೇ ಇಲ್ಲ" ಎಂದಿದ್ದರೆ ನಾವು ಏನು ಉತ್ತರಿಸುತ್ತಿದ್ದೆವು?

ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಈ ವಿಷಯವನ್ನು ಸ್ಪಷ್ಟಪಡಿಸಿತು. ಧರ್ಮಸಭೆಯೂ ರಾಜ್ಯವೂ ತಮ್ಮ ತಮ್ಮ ಕ್ಷೇತ್ರದಲ್ಲಿ ಸ್ವತಂತ್ರ. ವಿಶ್ವಾಸದ ವಿಷಯದಲ್ಲಿ ಯಾರ ಮೇಲೂ ಬಲವಂತ ಸಲ್ಲದು. ಮುಸಲ್ಮಾನರನ್ನು ಧರ್ಮಸಭೆ ಗೌರವದಿಂದ ಕಾಣುತ್ತದೆ, ಹಳೆಯ ವೈರಗಳನ್ನು ಬಿಟ್ಟು ಪರಸ್ಪರ ಅರಿಯಲು ಯತ್ನಿಸಬೇಕು. ಇಲ್ಲಿಗೆ ಬರಲು ನಮಗೆ ಎಷ್ಟು ಶತಮಾನ ಹಿಡಿಯಿತೆಂಬುದನ್ನು ನೆನೆದರೆ ಇತರರ ಬಗ್ಗೆ ತಾಳ್ಮೆ ಬರುತ್ತದೆ. ಮುಸಲ್ಮಾನರ ಒಳಗೂ ಆ ಚರ್ಚೆ ನಡೆದೇ ಇದೆ. ಇರಾನಿನಲ್ಲಿ 1979ರ ನಂತರ ಧರ್ಮಶಾಸ್ತ್ರಜ್ಞನೇ ರಾಜ್ಯದ ಮೇಲಧಿಕಾರಿ ಎಂಬ ವ್ಯವಸ್ಥೆ ಬಂದದ್ದು ಷಿಯಾ ಪರಂಪರೆಗೆ ಹೊಸದು. ಇರಾಕಿನ ನಜಫಿನ ಹಿರಿಯ ವಿದ್ವಾಂಸ ಸಿಸ್ತಾನಿಯವರ ದಾರಿ ಬೇರೆ. 2021ರ ಮಾರ್ಚಿನಲ್ಲಿ ಜಗದ್ಗುರು ಫ್ರಾನ್ಸಿಸರು ಅವರ ಮನೆಗೆ ಹೋಗಿ ಭೇಟಿಯಾದರು.

ನಮ್ಮ ಊರಿನ ಮಾತಿಗೆ ಬಂದರೆ, ಚುನಾವಣೆ ಬಂದಾಗ ಮಠಕ್ಕೂ ದರ್ಗಾಕ್ಕೂ ಚರ್ಚಿಗೂ ಒಂದೇ ಕಾರು ಬರುತ್ತದೆ. ಅಭ್ಯರ್ಥಿಗಳು ಆಶೀರ್ವಾದ ಕೇಳುತ್ತಾರೆ, ಕಾಂಪೌಂಡಿಗೆ, ಸಭಾಭವನಕ್ಕೆ, ಬೋರ್‌ವೆಲ್ಲಿಗೆ ಮಾತು ಕೊಡುತ್ತಾರೆ. ಬಂದವರಿಗೆ ನೀರು, ಚಹಾ ಕೊಡೋಣ, ಪ್ರಾರ್ಥನೆ ಬೇಡಿದರೆ ಪ್ರಾರ್ಥಿಸೋಣ. ಧರ್ಮಸಭೆಯ ಕಾನೂನಿನ 285ನೇ ವಿಧಿ ಗುರುಗಳಿಗೆ ರಾಜ್ಯಾಧಿಕಾರದ ಹುದ್ದೆಗಳನ್ನು ನಿಷೇಧಿಸಿದೆ; ನಿಮಗೆ, ಅಂದರೆ ಶ್ರೀಸಾಮಾನ್ಯ ವಿಶ್ವಾಸಿಗಳಿಗೆ, ನಿಷೇಧಿಸಿಲ್ಲ. ಪಂಚಾಯಿತಿಗೆ ನಿಲ್ಲಿ, ಗೆಲ್ಲಿ, ಪ್ರಾಮಾಣಿಕವಾಗಿ ದುಡಿಯಿರಿ. ಆದರೆ ಪೂಜೆಯ ಪೀಠದಿಂದ ಇಂಥವರಿಗೆ ಓಟು ಹಾಕಿ ಎಂದು ಗುರುಗಳು ಹೇಳಲಿ ಎಂದು ಕೇಳಬೇಡಿ. ದೇವಾಲಯದ ಗೋಡೆ ಯಾರದೋ ಹಣದಿಂದ ಎದ್ದ ಮೇಲೆ, ಅದೇ ಮನುಷ್ಯ ಬಡವರ ಜಮೀನು ನುಂಗಿದಾಗ ನಾವು ಜೈನುದ್ದೀನರಂತೆ ಚಾಪೆ ಹಾಸಿ ಕೂಡಬಲ್ಲೆವೇ ಎಂದು ಧರ್ಮಕೇಂದ್ರದ ಸಮಿತಿ ಮೊದಲೇ ಯೋಚಿಸಬೇಕು.

ಈ ವಾರ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಆಮೋಸ 7:10-17ನ್ನು ಓದಿರಿ. ಓದಿದ ಮೇಲೆ ದೊಡ್ಡ ಮಕ್ಕಳನ್ನು ಕೇಳಿ: ಅಮಚ್ಯನಿಗೆ ಸಂಬಳ ಕೊಡುತ್ತಿದ್ದವರು ಯಾರು? ಮತ್ತೊಂದು ಕೆಲಸ. ಅಳವಂಡಿ, ಕೊಪ್ಪಳ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ 1948ನ್ನು ಚಿಕ್ಕಂದಿನಲ್ಲಿ ಕಂಡ ಹಿರಿಯರು ಇನ್ನೂ ಒಬ್ಬಿಬ್ಬರು ಇದ್ದಾರು. ಮಕ್ಕಳನ್ನು ಕರೆದುಕೊಂಡು ಹೋಗಿ, ಆ ವರ್ಷ ಊರಿನಲ್ಲಿ ಯಾರು ಯಾರನ್ನು ಹೆದರಿಸಿದರು, ಯಾರು ಯಾರನ್ನು ತಮ್ಮ ಮನೆಯ ಅಟ್ಟದಲ್ಲಿ, ಹಗೇವಿನಲ್ಲಿ ಅಡಗಿಸಿಟ್ಟು ಅನ್ನ ಹಾಕಿದರು ಎಂದು ಕೇಳಿ ಬರೆದಿಟ್ಟುಕೊಳ್ಳಿ.